ಕೂರುವ ಹಾಗಿಲ್ಲ

ಆ ದಿನ ಬೆಳಗಿನ ಮಂಜು ಒಂಬತ್ತು ಗಂಟೆಯಾದರೂ ಏಳಲು ಮನಸ್ಸಿಲ್ಲದೆ ಗುಡ್ಡದ ಮೇಲೆ ಬಿದ್ದುಕೊಂಡಿತ್ತು. ಆಮೇಲೆ ಶರತ್ಕಾಲದ ಎಳೆಬಿಸಿಲು ಬಂದು ಅದನ್ನು ಮೆಲ್ಲಗೆ ಎಬ್ಬಿಸಿ ಕಳಿಸಿತು. ದಾರಿಯುದ್ದಕ್ಕೂ ಮರಗಳು ಹಳದಿ ಎಲೆ ಉದುರಿಸುತ್ತ ನಿಂತಿದ್ದವು. "ಭಗವಂತಾ, ಎಷ್ಟು ಚೆನ್ನಾಗಿ ಮಾಡಿದೀಯಪ್ಪಾ" ಎಂದು ದೊಡ್ಡಮ್ಮ ಬಸ್ಸಿನ ಕಿಟಕಿಗೇ ಕೈಮುಗಿದಿದ್ದಳು. ಮೂರನೆಯ ಕೋಟೆಯ ಮಹಡಿ ಹತ್ತುವ ಹೊತ್ತಿಗೆ ಮಾತ್ರ ಅವಳಿಗೆ ಭಗವಂತನಿಗಿಂತ ಮಂಡಿಗಳೇ ಹೆಚ್ಚು ನೆನಪಾಗುತ್ತಿದ್ದವು.

ಕರೆತಂದವಳು ತಂಗಿಯ ಮಗಳು, ಶಾಲೆಯಲ್ಲಿ ಟೀಚರು. ಸಿಕ್ಕಿದ್ದು ಒಂದೇ ದಿನದ ರಜ. ಅಷ್ಟರಲ್ಲಿ ಮೂರು ಕೋಟೆ, ಎರಡು ತೋಟ ಮುಗಿಸಲೇಬೇಕೆಂದು ಪಟ್ಟಿ ಹಿಡಿದು ಓಡುತ್ತಿದ್ದಳು. "ಬೇಗ ಬಾ ದೊಡ್ಡಮ್ಮ, ಇನ್ನು ಹನ್ನೊಂದೇ ಕೋಣೆ!"

ಕೋಟೆಯಲ್ಲಿ ಕುರ್ಚಿಗಳಿಗೇನೂ ಬರವಿರಲಿಲ್ಲ. ಆದರೆ ಒಂದೊಂದರ ಸುತ್ತಲೂ ಕೆಂಪು ಹಗ್ಗ, ಹಗ್ಗಕ್ಕೊಂದು ಫಲಕ: ಕೂರಬಾರದು. ರಾಣಿಯ ಕೋಣೆಯ ಕಾವಲುಗಾರ ಒಣಕಡ್ಡಿಯಂಥ ಮುದುಕ. ಒಳಗೆ ಹಾರಿಬರುತ್ತಿದ್ದ ಎಲೆಗಳನ್ನು ಬೈಯುತ್ತ ಕಿಟಕಿ ಮುಚ್ಚಿ ತಿರುಗುವಷ್ಟರಲ್ಲಿ ದೊಡ್ಡಮ್ಮ ಹಗ್ಗದಾಚೆ, ಮಖಮಲ್ಲಿನ ಕುರ್ಚಿಯಲ್ಲಿ ಆರಾಮವಾಗಿ ಕೂತಿದ್ದಳು.

"ಅಯ್ಯಯ್ಯೋ! ಅದು ರಾಣಿ ಕುರ್ಚಿ ಕಣಮ್ಮಾ!"

"ಅವಳೇನು ಈಗ ಬರ್ತಾಳಾ?"

"ಇನ್ನೂರು ವರ್ಷದಿಂದ ಅದರಲ್ಲಿ ಯಾರೂ ಕೂತಿಲ್ಲ!"

"ಅದಕ್ಕೇ ಇಷ್ಟು ಗಟ್ಟಿಯಾಗಿದೆ ನೋಡು."

"ಏಳಿ ತಾಯಿ, ದಮ್ಮಯ್ಯ. ಹೋದ ತಿಂಗಳು ಗೋಡೆಗೆ ಒರಗಿದ್ದಕ್ಕೇ ನನ್ನ ಮೇಲೊಂದು ದೂರು ಬಿದ್ದಿದೆ. ಇನ್ನೊಂದು ಬಿದ್ರೆ ಕೆಲಸ ಹೋಯ್ತು. ಪಿಂಚಣಿಗೆ ಎಂಟೇ ತಿಂಗಳಿದೆ."

ದೊಡ್ಡಮ್ಮ ಏಳಲು ನೋಡಿದಳು. ರಾಣಿ ಕುಳ್ಳಿಯಾಗಿದ್ದಿರಬೇಕು, ಕುರ್ಚಿ ನೆಲಕ್ಕಂಟಿದಂತಿತ್ತು. ಮಂಡಿಗಳು ಹಟ ಹಿಡಿದವು.

"ಬರ್ತಿಲ್ಲಪ್ಪಾ. ಸ್ವಲ್ಪ ಎತ್ತು."

"ಬಂದವರನ್ನ ಮುಟ್ಟೋ ಹಾಗಿಲ್ಲ. ಕುರ್ಚೀನೂ ಮುಟ್ಟೋ ಹಾಗಿಲ್ಲ."

"ಮತ್ತೆ ನೀನು ಎಲ್ಲಿ ಕೂರ್ತೀಯ?"

"ನಾನಾ? ಕೂರೋ ಹಾಗಿಲ್ಲ. ಇಪ್ಪತ್ತಾರು ವರ್ಷ ಆಯ್ತು."

ದೊಡ್ಡಮ್ಮ ಅವನ ಕಾಲುಗಳನ್ನೇ ನೋಡಿದಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಟಕಟಕ ಬೂಟಿನ ಸದ್ದು. ಕಾವಲುಗಾರನ ಮುಖ ಸುಣ್ಣವಾಯಿತು. "ಮೇಲ್ವಿಚಾರಕರು!"

"ಹಿಡಿ ಕೈ. ನಿನ್ನ ನಿಯಮದ ವಿಷಯ ನಾನು ಭಗವಂತನ ಹತ್ರ ಮಾತಾಡ್ತೀನಿ."

ಒಬ್ಬರನ್ನೊಬ್ಬರು ಜಗ್ಗಿಕೊಂಡು ಅವಳು ನಿಂತದ್ದಕ್ಕೂ ಮೇಲ್ವಿಚಾರಕ ಒಳಬಂದದ್ದಕ್ಕೂ ಸರಿಹೋಯಿತು. ಮಖಮಲ್ಲಿನ ನಡುವೆ ದೊಡ್ಡಮ್ಮನಷ್ಟಗಲದ ತಗ್ಗು.

"ಇದೇನಿದು?" ಅವನು ಕಾವಲುಗಾರನ ಕಡೆ ತಿರುಗಿದ.

"ಅವನನ್ನೇನು ಕೇಳ್ತೀಯ? ಕೂತಿದ್ದು ನಾನು," ಎಂದಳು ದೊಡ್ಡಮ್ಮ. "ಅವನು ಕಿಟಕಿ ಮುಚ್ಚೋವಾಗ ಕಳ್ಳಿ ಹಾಗೆ ಕೂತೆ. ಏಳಿ ಏಳಿ ಅಂತ ಪಾಪ ಬಾಯಿ ಬಡ್ಕೊಂಡ. ನಾನೇ ಏಳಲಿಲ್ಲ."

"ಈಗಲೇ ಕೋಟೆಯಿಂದ ಹೊರಗೆ ನಡೀರಿ! ಜೊತೆಯವರೂ ಅಷ್ಟೇ!"

"ಸಂತೋಷ ಕಣಪ್ಪಾ," ಎಂದಳು ದೊಡ್ಡಮ್ಮ, ಮನಸಾರೆ.

ತೋಟಕ್ಕೆ ಇಳಿಯುವವರೆಗೂ ತಂಗಿಯ ಮಗಳು ಗೊಣಗಿದಳು. "ಹದಿನೈದು ವರ್ಷ ಮಕ್ಕಳನ್ನ ಕ್ಲಾಸಿಂದ ಹೊರಗೆ ಹಾಕಿದೀನಿ. ಇವತ್ತು ನನ್ನನ್ನೇ ಹಾಕಿದ್ರು!" ದೊಡ್ಡಮ್ಮನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, "ಅಲ್ಲಾಡಬೇಡ" ಎಂದು ಹೇಳಿ, ಗುಲಾಬಿ ತೋಟಕ್ಕೆ ಓಡಿದಳು. ದೊಡ್ಡಮ್ಮನಿಗೆ ಅಲ್ಲಾಡುವ ಆಸೆ ಇರಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಕಾವಲುಗಾರ ಊಟದ ಡಬ್ಬಿ ಹಿಡಿದು ಬಂದ. ಬೆಂಚಿನ ಪಕ್ಕದಲ್ಲೇ ನಿಂತು ಡಬ್ಬಿ ತೆರೆದ. ದೊಡ್ಡಮ್ಮ ಎಲೆಗಳನ್ನು ಕೊಡವಿ ಸರಿದು ಕೂತಳು.

ಅವನು ತಲೆಯಾಡಿಸಿದ. "ಈ ಯೂನಿಫಾರಂ ಮೈಮೇಲಿರೋವರೆಗೂ ಕೂರೋ ಹಾಗಿಲ್ಲಮ್ಮ. ಮೇಲ್ವಿಚಾರಕರಿಗೆ ಅಲ್ಲಿಂದ ಕಾಣತ್ತೆ," ಎಂದು ಕಣ್ಣಲ್ಲೇ ಮೇಲಿನ ಕಿಟಕಿ ತೋರಿಸಿದ.

ದೊಡ್ಡಮ್ಮ ಹೊದ್ದಿದ್ದ ಕಂದು ಶಾಲನ್ನು ತೆಗೆದು, ಮಡಿಕೆ ಬಿಚ್ಚಿ, ಅವನ ಕೈಗೆ ಕೊಟ್ಟಳು.

ಮೇಲಿನ ಕಿಟಕಿಯಿಂದ ನೋಡಿದವರಿಗೆ, ಉದುರುವ ಎಲೆಗಳ ಕೆಳಗೆ ಇಬ್ಬರು ಅಜ್ಜಿಯರು ಕೂತಿದ್ದರು. ಅವರಲ್ಲೊಬ್ಬಳು ಬಗ್ಗಿ ಬೂಟಿನ ದಾರ ಸಡಿಲಿಸುತ್ತಿದ್ದಳು.