ನಗು ತಡೆದವಳು

ನನ್ನ ಹೆಂಡತಿ ನಕ್ಕರೆ ಕುಸಿದು ಬೀಳುತ್ತಾಳೆ. ಮೊದಲ ಸಲ ನಾಟಕವೆಂದುಕೊಂಡೆ. ನಮ್ಮದು ಟೈಲರ್ ಅಂಗಡಿ, ನಾನು ಬಟ್ಟೆ ಕತ್ತರಿಸುತ್ತೇನೆ, ಅವಳು ಹೊಲಿದು ಇಸ್ತ್ರಿ ಮಾಡುತ್ತಾಳೆ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡ ಗಿರಾಕಿಯೊಬ್ಬನನ್ನು ಅವನು ಹೋದಮೇಲೆ ಅಣಕಿಸಿದೆ. ಅವಳು ಬಿದ್ದುಬಿದ್ದು ನಕ್ಕಳು, ಹಾಗೇ ನಿಜವಾಗಿಯೂ ಬಿದ್ದಳು. ಬಿಸಿ ಇಸ್ತ್ರಿಪೆಟ್ಟಿಗೆ ಅವಳ ಕೆನ್ನೆಯ ಪಕ್ಕದಲ್ಲೇ ಬಿತ್ತು. ಕಣ್ಣು ತೆರೆದೇ ಇತ್ತು, ಮಾತು ಮಾತ್ರ ಇಲ್ಲ. ಒಂದೆರಡು ನಿಮಿಷಕ್ಕೆ ಎದ್ದು ಕೂತು, ನಾನು ಗಾಬರಿಯಲ್ಲಿ ಕೂಗಿದ್ದೆಲ್ಲ ಕೇಳಿಸಿತ್ತು ಎಂದಳು.

ಡಾಕ್ಟರು ತಮ್ಮ ಕತ್ತಿನ ಹಿಂಭಾಗ ಮುಟ್ಟಿ ತೋರಿಸಿದರು. "ಇಲ್ಲಿ ಮೇಲ್ಗಡೆ ಮಿದುಳಿನ ಕಾಂಡ ಇದೆ. ನರಗಳು ರಾಸಾಯನಿಕಗಳ ಮೂಲಕ ಒಂದಕ್ಕೊಂದು ಸುದ್ದಿ ಕಳಿಸ್ತವೆ. ಕನಸು ಕಾಣೋವಾಗ ಕೈಕಾಲು ಸಡಿಲ ಬಿಡು ಅನ್ನೋ ಆಜ್ಞೆ ಇಲ್ಲಿಂದ ಹೋಗತ್ತೆ. ಎಚ್ಚರದಲ್ಲಿ ಅದನ್ನ ತಡೆಯೋ ರಾಸಾಯನಿಕ ಇವರಲ್ಲಿ ಕಮ್ಮಿಯಾಗಿದೆ. ಜೋರಾಗಿ ನಗು ಬಂದ್ರೆ ಆಜ್ಞೆ ಹೊರಟುಬಿಡತ್ತೆ."

ತಲೆಯಾಡಿಸಿದೆ. ಅರ್ಥವಾದದ್ದು ಇಷ್ಟೇ, ಬಾಬಿನ್ನಿನಲ್ಲಿ ದಾರ ಮುಗಿದಿದೆ. ಆದರೆ ಆ ಹಾಳು ಆಜ್ಞೆಗೆ ಅವಳ ನಗುವೇ ಯಾಕೆ ಬೇಕಿತ್ತು? ನನ್ನ ಸಿಟ್ಟು ಸಾಲದೇ? ಮನೆಯಲ್ಲಿ ಅದಕ್ಕೇನೂ ಬರವಿಲ್ಲ.

ಮಾತ್ರೆ ಶುರುವಾಯಿತು. ಅಂಗಡಿಯಲ್ಲಿ ತಮಾಷೆ ಬಂದ್ ಮಾಡಿದೆ. ಗಿರಾಕಿಗಳಿಗೂ ಬಾಗಿಲಲ್ಲೇ ತಾಕೀತು. ಒಬ್ಬರಂತೂ ನನ್ನ ಮುಖ ನೋಡಿ, "ಯಾರು ಹೋಗ್ಬಿಟ್ರು?" ಎಂದು ಮೆಲ್ಲಗೆ ಕೇಳಿದರು.

ಅವಳು ಬೀಳುವುದು ನಿಂತಿತು. ನಗುವುದೂ ನಿಂತಿತು. ಮಾತ್ರೆ ಹಿಡಿಯಿತೋ, ನನ್ನ ಬಿಗುಮಾನವೇ ಹಿಡಿಯಿತೋ ತಿಳಿಯಲಿಲ್ಲ. ತಡೆಯಲಾರದೆ ಒಂದು ಸಣ್ಣ ತಮಾಷೆ ಬಿಟ್ಟು ನೋಡಿದೆ. ಅವಳು ತಲೆಯೆತ್ತದೆ ಕಾಲರ್ ಹೊಲಿಯುತ್ತಲೇ ಇದ್ದಳು. ಇವಳಿಗೆ ನಾನೇ ಬೇಡವಾದೆನೇ ಎಂದುಕೊಂಡೆ. ಬೀಳಲಿಲ್ಲವೆಂದು ಖುಷಿಪಡಬೇಕಾದವನು ನಾನು!

ಇಂದು ಮಧ್ಯಾಹ್ನ ಅವಳು ಇಸ್ತ್ರಿಯ ಸ್ವಿಚ್ ಆರಿಸಿ, ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

"ರೀ, ಇಲ್ಲಿ ಕೂತ್ಕೊಳ್ಳಿ. ಬೆಳಿಗ್ಗೆ ಒಬ್ರು ಮದುವೆ ಕೋಟು ಸಡಿಲ ಮಾಡಿಸೋಕೆ ತಂದಿದ್ರಲ್ಲ, ಅವರ ಥರ ಮಾಡಿ ತೋರಿಸಿ."

"ಬೇಡ. ಬಿದ್ರೆ?"

"ಕೆಳಗೇ ಕೂತಿದೀನಲ್ಲ, ಇನ್ನೆಲ್ಲಿಗೆ ಬೀಳ್ಲಿ? ನಗು ತಡ್ಕೊಂಡು ತಡ್ಕೊಂಡು ಸಾಕಾಗಿದೆ ನಂಗೆ."

ಪಕ್ಕದಲ್ಲಿ ಕೂತೆ. "ನಾನು ದಪ್ಪ ಆಗಿಲ್ಲ, ಕೋಟು ಬೀರುವಿನಲ್ಲಿ ಇದ್ದೂ ಇದ್ದೂ ಕುಗ್ಗಿದೆ," ಎಂದು ಅವರ ದನಿಯಲ್ಲೇ ಶುರುಮಾಡಿದೆ. ಅವಳು ನಕ್ಕಳು. ನಗು ಅರ್ಧದಲ್ಲೇ ನಿಂತು, ತಲೆ ನನ್ನ ಹೆಗಲಿಗೆ ಬಿತ್ತು. ಕಣ್ಣು ನನ್ನನ್ನೇ ನೋಡುತ್ತಿತ್ತು. ನನಗೆ ಅಳು ಬಂತು. ಡಾಕ್ಟರಿಗೆ ಫೋನ್ ಮಾಡಲೋ, ಸುಮ್ಮನಿರಲೋ ತೋಚಲಿಲ್ಲ. ಅವಳಿಗೆ ಕೇಳಿಸುತ್ತದೆ ಎಂಬುದೊಂದು ಗೊತ್ತಿತ್ತು. ಅವಳನ್ನು ಬಿಗಿಯಾಗಿ ಹಿಡಿದುಕೊಂಡು ಕೋಟಿನ ಕಥೆಯ ಮಿಕ್ಕದ್ದನ್ನು ಹೇಳಿದೆ.