ಎರಡು ಡಿಗ್ರಿ ಕೆಳಗೆ

ಫಾರಮ್ಮಿನ ಹನ್ನೊಂದನೆಯ ಕಾಲಮ್ಮಿಗೆ ಬಂದು ಅವನ ಪೆನ್ನು ನಿಂತಿತು. 'ಸಾರ್ವಜನಿಕರಿಂದ ದೂರು ಬಂದಿದೆಯೇ? ಬಂದಿದ್ದರೆ ವಿಳಾಸ.' ಹಾಳೆಯನ್ನು ಕಾರಿನ ಸ್ಟೀರಿಂಗ್ ಮೇಲೆ ಒತ್ತಿ ಹಿಡಿದು ಎರಡು ನಿಮಿಷ ಯೋಚಿಸಿದ. ಆಮೇಲೆ 'ಬಂದಿದೆ' ಎಂದು ಬರೆದು, ಅದರ ಮುಂದೆ ತನ್ನದೇ ಬೀದಿ, ತನ್ನದೇ ಮನೆಯ ನಂಬರು ತುಂಬಿದ. ಅಕ್ಷರ ಎಂದಿನಂತೆ ದುಂಡಗೇ ಬಂತು.

ಅವನ ಕೆಲಸ ಸಿಗ್ನಲ್ ಅಳೆಯುವುದು. ಡ್ಯಾಶ್‌ಬೋರ್ಡಿಗೆ ನಾಲ್ಕು ಫೋನು ಸಿಕ್ಕಿಸಿ, ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಕೂರಿಸಿಕೊಂಡು ದಿನವಿಡೀ ಬೀದಿ ಸುತ್ತುವುದು. ಯಾವ ಟವರಿನ ಅಲೆ ಎಲ್ಲಿ ಎಷ್ಟು ಬಲವಾಗಿದೆ ಎಂದು ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ಚುಕ್ಕೆ ಇಡುವುದು. ಊರಿನ ಅಂಚಿಗೆ ನದಿ, ನದಿಯ ಆಚೆ ದಡ ಬೇರೆ ದೇಶ. ಪಾಸ್‌ಪೋರ್ಟು, ವೀಸಾ ಎಲ್ಲ ಮನುಷ್ಯರಿಗೆ. ಅಲೆಯನ್ನು ತಡೆದು ಕೇಳುವವರು ಯಾರು? ಆಚೆಯ ಹಳೇ ಟವರು ಒಂಬೈನೂರು ಮೆಗಾಹರ್ಟ್ಸ್ ಬ್ಯಾಂಡಿನದು. ಅಂಥ ಕೆಳಗಿನ ಬ್ಯಾಂಡು ದೂರ ಹೋಗುತ್ತದೆ, ಗೋಡೆಯೊಳಗೂ ನುಗ್ಗುತ್ತದೆ. ಈಚೆ ದಡದವರ ಫೋನು ಒಮ್ಮೊಮ್ಮೆ ತಾನಾಗಿಯೇ ಅದನ್ನು ಹಿಡಿದುಬಿಡುತ್ತಿತ್ತು. ತಿಂಗಳ ಕೊನೆಗೆ ಹೊರದೇಶದ ದರದಲ್ಲಿ ಬಿಲ್ಲು ಬಂದಾಗ ಜನ ಕಂಪನಿಗೆ ಹಿಡಿಶಾಪ ಹಾಕುತ್ತಿದ್ದರು. ಈ ಫಾರಮ್ಮು ಹುಟ್ಟಿದ್ದೇ ಅದಕ್ಕೆ. ಅಲೆ ಮಿತಿ ಮೀರಿ ಒಳಗೆ ಬಂದಿದೆ ಎಂದು ಇಲ್ಲಿಂದ ಬರೆದರೆ, ಅಲ್ಲಿಯವರು ತಮ್ಮ ಆಂಟೆನಾವನ್ನು ಒಂದೆರಡು ಡಿಗ್ರಿ ಕೆಳಕ್ಕೆ ಬಗ್ಗಿಸಬೇಕು.

ಅವನ ಹೆಂಡತಿ ಆಚೆ ದಡದವಳು. ಮದುವೆಯಾಗಿ ಆರು ವರ್ಷ. ತಾರಸಿಯಿಂದ ನೋಡಿದರೆ ತವರಿನ ಮನೆಗಳ ಸಾಲು ಕಾಣುತ್ತದೆ, ಹೋಗಿ ಬರಬೇಕೆಂದರೆ ವೀಸಾಗೆ ಮೂರು ತಿಂಗಳು ಕಾಯಬೇಕು. ಇಲ್ಲಿಂದ ಅಲ್ಲಿಗೆ ಹತ್ತು ನಿಮಿಷ ಮಾತಾಡಿದರೆ ಒಂದು ವಾರದ ತರಕಾರಿಯ ದುಡ್ಡು ಹೋಗುತ್ತದೆ. ಮೊದಲ ತಿಂಗಳ ಬಿಲ್ಲು ನೋಡಿದವನೇ ಅವನು ಅವಳ ಇಂಟರ್ನೆಟ್ ಇಲ್ಲದ ಫೋನಿಗೆ ಹೊರದೇಶದ ಕರೆ, ಹೋಗುವುದೂ ಬರುವುದೂ, ಬಂದ್ ಮಾಡಿಸಿದ್ದ. ಅವಳು ಜಗಳಕ್ಕೆ ನಿಲ್ಲಲಿಲ್ಲ. ಮುಂದಿನ ಸಲ ತವರಿಗೆ ಹೋದಾಗ ಅವಳ ತಂಗಿ ಅಲ್ಲಿಯದೇ ಒಂದು ಸಿಮ್ಮನ್ನು ಕೈಯಲ್ಲಿಟ್ಟಳು. ಅದನ್ನು ಹಳೇ ಬಟನ್ ಫೋನಿಗೆ ಹಾಕಿಕೊಂಡು ತಾರಸಿಯ ನದಿ ಕಡೆಯ ಮೂಲೆಯಲ್ಲಿ ನಿಂತರೆ ಆಚೆಯ ಟವರು ಸಿಗುತ್ತಿತ್ತು. ಅಲ್ಲಿಯ ಟವರು, ಅಲ್ಲಿಯ ಸಿಮ್ಮು, ಅಲ್ಲಿಯ ಅಮ್ಮ. ಲೋಕಲ್ ಕರೆ. ತಿಂಗಳ ಪ್ಲಾನು ಎರಡು ಲೋಟ ಕಾಫಿಯಷ್ಟೂ ಇಲ್ಲ, ಅದನ್ನೂ ತಂಗಿಯೇ ಕಟ್ಟುತ್ತಿದ್ದಳು. ದಿನಾ ಸಂಜೆ ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಕಾಲು ಗಂಟೆ ಮಾತು. ಅಮ್ಮನಿಗೆ ಕಣ್ಣು ಹೋಗಿ ಎರಡು ವರ್ಷವಾಗಿತ್ತು; ಸಂಜೆಯಾಯಿತೆಂದು ಆ ಮುದುಕಿಗೆ ಗೊತ್ತಾಗುತ್ತಿದ್ದದ್ದೇ ಮಗಳ ಕರೆಯಿಂದ.

ಈ ಗುಟ್ಟು ಅವನಿಗೆ ಗೊತ್ತಾದದ್ದು ಫಾರಮ್ಮು ತುಂಬುವ ಹಿಂದಿನ ಸಂಜೆ. ತನ್ನ ಬೀದಿಯನ್ನು ಅಳೆಯುತ್ತ ಬಂದಾಗ ಮನೆಯ ಎದುರಿಗೇ ಆಚೆಯ ಟವರು ಹಚ್ಚ ಹಸಿರಾಗಿ ಕಂಡಿತು. ಸಿಗ್ನಲ್ ಅಳೆಯುವ ಕೈ ಮೀಟರು ಹಿಡಿದು ಮೆಟ್ಟಿಲು ಹತ್ತಿದ. ತಾರಸಿಯ ಬಾಗಿಲು ಅರ್ಧ ತೆರೆದಿತ್ತು. ಹೆಂಡತಿ ನಗುತ್ತಿದ್ದಳು. ಅವನ ಮುಂದೆ ಅವಳು ಒಂದು ದಿನವೂ ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದಿಲ್ಲ.

"ಕೇಳಮ್ಮಾ ಇಲ್ಲಿ," ಎನ್ನುತ್ತಿದ್ದಳು. "ನಮ್ಮನೆ ಮೀಟರು ನಿನ್ನೆ ನೆಗಡಿ ಮಾತ್ರೆ ನುಂಗೋಕೆ ಮುಂಚೆ ಅದರ ಬ್ಯಾಚ್ ನಂಬರ್ ಬರ್ಕೊಂಡ್ರು. ನಾನು ಪಕ್ಕದಲ್ಲಿ ಕೂತರೂ ಅಷ್ಟೇ, ಇವಳ ಸಿಗ್ನಲ್ ಎಷ್ಟು ಕಡ್ಡಿ ಬರ್ತಿದೆ ಅಂತ ನೋಡ್ತಾರೆ." ಆಮೇಲೆ ದನಿ ದಪ್ಪ ಮಾಡಿ, ಥೇಟ್ ಅವನ ಹಾಗೆಯೇ, "'ನೋಟ್ ಮಾಡ್ಕೋ, ಆಮೇಲೆ ಮರೀತೀಯ,'" ಎಂದಳು. ಆಚೆ ದಡದಲ್ಲಿ ಮುದುಕಿಯೂ ನಕ್ಕಳು. ಸಿಗ್ನಲ್ ಅಷ್ಟು ಚೆನ್ನಾಗಿತ್ತು. ಅದೂ ಅವನಿಗೆ ಕೇಳಿಸಿತು.

ಬೈದಿದ್ದರೆ ನುಂಗಿಕೊಳ್ಳುತ್ತಿದ್ದನೇನೋ. ನಕ್ಕದ್ದನ್ನು ನುಂಗಲಾಗಲಿಲ್ಲ. ಒಳಗೆ ನುಗ್ಗಿ ಕೂಗಾಡಬಹುದಿತ್ತು, ಫೋನು ಕಿತ್ತು ಬಿಸಾಡಬಹುದಿತ್ತು. ಹಾಗೆ ಮಾಡಿದರೆ ಕುರುಡಿಯ ಜೊತೆ ಮಾತು ಬಿಡಿಸಿದ ಎಂದು ಅವನ ಸ್ವಂತ ಅಮ್ಮನೇ ಅವನ ಮುಖಕ್ಕೆ ಉಗಿಯುತ್ತಿದ್ದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಿಂತಲ್ಲೇ ರೀಡಿಂಗ್ ತೆಗೆದುಕೊಂಡು ಸದ್ದಿಲ್ಲದೆ ಇಳಿದು ಬಂದ.

ಮೂರು ವಾರ ಏನೂ ಆಗಲಿಲ್ಲ. ಆ ಮೂರು ವಾರ ಅವನಷ್ಟು ಒಳ್ಳೆಯ ಗಂಡ ಬೀದಿಯಲ್ಲೇ ಇರಲಿಲ್ಲ. ಕೇಳದೆಯೇ ಸಾಮಾನು ತಂದ, ಊಟದಲ್ಲಿ ತಪ್ಪು ಹುಡುಕಲಿಲ್ಲ. ಒಂದು ದಿನ, "ನಿಮ್ಮಮ್ಮ ಹೇಗಿದಾರೋ ಏನೋ, ಪಾಪ," ಎಂದೂ ಅಂದ. ಅವಳು ತಟ್ಟೆ ತೊಳೆಯುತ್ತಿದ್ದವಳು ತಲೆ ಎತ್ತಲಿಲ್ಲ. "ಇರ್ತಾರೆ," ಎಂದಳು.

ಆಮೇಲೆ ಒಂದು ಮಧ್ಯಾಹ್ನ ಆಚೆಯ ಕಂಪನಿಯಿಂದ ಪತ್ರ ಬಂತು: ಆಂಟೆನಾ ಎರಡು ಡಿಗ್ರಿ ಇಳಿಸಲಾಗಿದೆ, ಪರೀಕ್ಷಿಸಿ ತಿಳಿಸಿ. ಮೇಲಿನವರು ಬೆನ್ನು ತಟ್ಟಿದರು. ಅವನು ಕಾರು ತೆಗೆದು ನದಿ ದಂಡೆಯ ಬೀದಿಗಳನ್ನೆಲ್ಲ ಸುತ್ತಿ, ಕೊನೆಗೆ ತನ್ನ ಮನೆಯ ಮುಂದೆ ನಿಲ್ಲಿಸಿದ. ಚುಕ್ಕೆ ಕೆಂಪಗಿತ್ತು.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಬಟನ್ ಫೋನು. ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

"ರೀ, ನಿಮ್ಮ ಹತ್ರ ಒಂದು ಹೇಳಬೇಕು. ಬೈಬೇಡಿ." ಒಂದೇ ಉಸಿರಿಗೆ ಎಲ್ಲ ಹೇಳಿದಳು: ಸಿಮ್ಮು, ತಂಗಿ, ಸಂಜೆಯ ಮಾತು. "ಇವತ್ತು ಅಮ್ಮಂಗೆ ಹೊಟ್ಟೆ ಆಪರೇಷನ್ನು. ಬದುಕೋದು ಕಷ್ಟ ಅಂತ ಡಾಕ್ಟ್ರು ಮೊದಲೇ ಹೇಳಿದಾರೆ. ಮುಗಿದ ಕೂಡಲೇ ತಂಗಿ ಫೋನ್ ಮಾಡ್ತೀನಿ ಅಂದಿದ್ಲು. ಬೆಳಿಗ್ಗೆಯಿಂದ ತಾರಸೀಲೇ ಇದೀನಿ ರೀ, ಒಂದು ಕಡ್ಡಿನೂ ಇಲ್ಲ. ನಿಮ್ಮ ಫೋನಿಂದ ಒಂದೇ ಒಂದು ಸಲ ಮಾಡ್ಕೊಡ್ತೀರಾ?"

ಆಪರೇಷನ್ ಎಂದದ್ದು ಅವನಿಗೆ ಹೊಸ ಸುದ್ದಿ. ಆಫೀಸಿನ ಫೋನು ಜೇಬಿನಲ್ಲೇ ಇತ್ತು, ಅದರಿಂದ ಆಚೆ ದಡವೂ ಸೇರಿ ಎಂಟು ದೇಶಗಳಿಗೆ ಕರೆ ಪುಕ್ಕಟೆ. ಕೈ ಜೇಬಿನವರೆಗೂ ಹೋಯಿತು. ಆದರೆ ಅಷ್ಟರಲ್ಲಿ ಅವಳು ಅವನ ತೋಳು ಹಿಡಿದುಕೊಂಡಳು, ತಾನಾಗಿಯೇ, ಎರಡೂ ಕೈಯಿಂದ.

"ಇದು ಆಫೀಸಿನದು ಕಣೇ. ಹೊರದೇಶಕ್ಕೆ ಹೋಗಲ್ಲ," ಎಂದ. "ಬೈಯೋದೇನಿದೆ ಇದರಲ್ಲಿ? ಮೊದಲೇ ಹೇಳಬಾರದಿತ್ತಾ? ನಡಿ, ಮೀಟರ್ ತರ್ತೀನಿ. ಎಲ್ಲಾದ್ರೂ ಸಿಕ್ಕೇ ಸಿಗುತ್ತೆ."

ಅಡಿಗೆಮನೆಯಿಂದ ಅವನ ಅಮ್ಮ, "ಅಷ್ಟು ಮಾಡಪ್ಪಾ," ಎಂದಳು. "ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನಿಸ್ಕೋಬೇಡ."

ತಾರಸಿಯಲ್ಲಿ ಇನ್ನೂ ಬೆಳಕಿತ್ತು. ಅವನು ಮೀಟರು ಹಿಡಿದು ನಡುವೆ ನಿಂತ. ಅವಳು ಫೋನು ಎತ್ತಿ ಹಿಡಿದು ಅವನು ಹೇಳಿದಂತೆ ನಡೆದಳು. ನಾಲ್ಕು ಹೆಜ್ಜೆ ಮುಂದೆ. ಈಗ ಬಲಕ್ಕೆ. ಗೋಡೆಗೆ ಒರಗಿ ನಿಲ್ಲು. ಮೀಟರಿನ ಗೆರೆ ಸತ್ತ ಹಾವಿನಂತೆ ಅಡ್ಡ ಮಲಗಿತ್ತು. ಎರಡು ಸಲ ತಾರಸಿ ಸುತ್ತಿಸಿದ ಮೇಲೆ ನೀರಿನ ತೊಟ್ಟಿಯ ಕಡೆ ಕೈ ತೋರಿಸಿ, "ಎತ್ತರಕ್ಕೆ ಹೋದ್ರೆ ಸಿಗಬಹುದು," ಎಂದ. ಅವಳು ಚಪ್ಪಲಿ ಬಿಟ್ಟು ಕಬ್ಬಿಣದ ಏಣಿ ಹತ್ತಿ, ತೊಟ್ಟಿಯ ಮುಚ್ಚಳದ ಪಕ್ಕದ ಕಿರಿದಾದ ಜಾಗದಲ್ಲಿ ನಿಂತಳು.

"ಬಂತಾ?"

"ತಡಿ, ಅಲುಗಾಡಬೇಡ. ಏನೋ ಬರ್ತಾ ಇದೆ."

ಅವಳು ಉಸಿರು ಬಿಗಿಹಿಡಿದಳು. ಗಾಳಿಗೆ ಕೂದಲು ಮುಖದ ಮೇಲೆ ಬಂದರೂ ಸರಿಸಿಕೊಳ್ಳಲಿಲ್ಲ. ಎತ್ತಿದ ತೋಳು ಸೋತು ನಡುಗುತ್ತಿತ್ತು, ಆದರೂ ಇಳಿಸಲಿಲ್ಲ. ಅವಳ ಕಣ್ಣು ನದಿಯ ಮೇಲಿರಲಿಲ್ಲ, ಫೋನಿನ ಮೇಲೂ ಇರಲಿಲ್ಲ. ಅವನ ಬಾಯಿಂದ ಬರುವ ಮಾತಿಗೆ ಕಾಯುತ್ತ ಅವನನ್ನೇ ನೋಡುತ್ತಿದ್ದಳು. ಆರು ವರ್ಷದಲ್ಲಿ ಹಾಗೆ ನೋಡಿರಲಿಲ್ಲ.

ಅವನು ಮೀಟರನ್ನು ಆಫ್ ಮಾಡಿ, ಆಫ್ ಆದದ್ದು ಅವಳಿಗೆ ಕಾಣದ ಹಾಗೆ ಎದೆಗೆ ಒತ್ತಿ ಹಿಡಿದುಕೊಂಡ.

"ಇನ್ನೊಂಚೂರು ಎಡಕ್ಕೆ," ಎಂದ.

ಅವಳು ಬರಿಗಾಲನ್ನು ತೊಟ್ಟಿಯ ಅಂಚಿಗೆ ಸರಿಸಿ, ತೋಳನ್ನು ಇನ್ನೂ ಮೇಲಕ್ಕೆ ಎತ್ತಿದಳು.