ಮೂರು ಪುಸ್ತಕದ ಮುದುಕರು

ಮಗಳಿಗೆ ನಿಜ ಹೇಳುವ ಧೈರ್ಯ ಅವಳಿಗಿರಲಿಲ್ಲ. ನಿಜ ಇಷ್ಟೇ: ಭಾನುವಾರ ಅಜ್ಜಿಯನ್ನು, ಅಂದರೆ ತನ್ನ ಅತ್ತೆಯನ್ನು, ವೃದ್ಧಾಶ್ರಮಕ್ಕೆ ಸೇರಿಸಬೇಕು. ಅತ್ತೆ ಬಚ್ಚಲಲ್ಲಿ ಎರಡು ಸಲ ಜಾರಿ ಬಿದ್ದಿದ್ದರು. ಗಂಡ ಬಸ್ ಓಡಿಸಲು ಹೋಗಿ, ಇವಳು ಲೈಬ್ರರಿಗೆ ಹೋಗಿ, ಮಗು ಶಿಶುವಿಹಾರಕ್ಕೆ ಹೋದ ಮೇಲೆ ಬಿದ್ದವರನ್ನು ಎತ್ತಲು ಯಾರೂ ಇರುತ್ತಿರಲಿಲ್ಲ. ಅತ್ತೆಯೂ ಒಪ್ಪಿದ್ದರು. ಒಪ್ಪುವಾಗ ಗೋಡೆ ನೋಡುತ್ತಿದ್ದರು.

ಲೈಬ್ರರಿಯಲ್ಲಿ ಅವಳದು ಹರಿದ ಪುಸ್ತಕ ರಿಪೇರಿ ಮಾಡುವ ಕೆಲಸ. ಒಂದೇ ಪುಸ್ತಕದ ಎರಡು ಪ್ರತಿ ಹಾಳಾಗಿದ್ದರೆ, ಇದರ ಹಾಳೆ ಕತ್ತರಿಸಿ ಅದಕ್ಕೆ ಅಂಟಿಸಿ ಒಂದು ಗಟ್ಟಿ ಪ್ರತಿ ಮಾಡುತ್ತಾಳೆ. ಉಳಿದ ಕೆಲಸ ಮನೆಗೆ ಬರುತ್ತದೆ. ಆಗ ಐದು ವರ್ಷದ ಮಗಳು ಚೂಟಿ ಪಕ್ಕದಲ್ಲಿ ಕೂತು ಅಂಟಿನ ಬ್ರಷ್ ಹಿಡಿದುಕೊಳ್ಳುತ್ತಾಳೆ.

ಬಾಯಲ್ಲಿ ಬಾರದ್ದನ್ನು ಪುಸ್ತಕವೇ ಹೇಳಲಿ ಎಂದು ಅವಳು ಮೂರು ಚಿತ್ರಪುಸ್ತಕ ತಂದಳು. ಒಂದರಲ್ಲಿ ಕಿಟಕಿ ಬಳಿ ಕೂತ ಮುದುಕಿ. ಇನ್ನೊಂದರಲ್ಲಿ ಪಾರ್ಕಿನ ಬೆಂಚಿನ ಮೇಲೆ ಒಬ್ಬ ತಾತ. ಮೂರನೆಯದರಲ್ಲಿ ಅಡುಗೆಮನೆಯ ಕೆಟಲ್ ಜೊತೆ ಮಾತಾಡುವ ಮುದುಕಿ. ಓದು ಅಜ್ಜಿಯ ಮಂಚದ ಮೇಲೇ ಶುರುವಾಯಿತು.

"ಇವಳ ಜೊತೆ ಯಾರೂ ಇಲ್ವಾ ಅಮ್ಮಾ?"

"ವಯಸ್ಸಾದ್ಮೇಲೆ ಕೆಲವರು ಒಬ್ಬರೇ ಇರ್ತಾರೆ ಪುಟ್ಟಾ."

"ಯಾಕೆ? ಕಚ್ತಾರಾ?"

ಅಜ್ಜಿ ನಕ್ಕರು. "ಕಚ್ಚೋಕೆ ಹಲ್ಲೆಲ್ಲಿದೆ? ಚಿತ್ರ ಬರೆದವನು ಒಂದಾದ್ರೂ ಕೊಟ್ಟಿದಾನಾ ನೋಡು, ಜಿಪುಣ ನನ್ಮಗ."

"ಅತ್ತೆ, ಮಗು ಮುಂದೆ..."

"ನೀನು ಓದಮ್ಮ. ಸುತ್ತಿ ಬಳಸಿ ಎಲ್ಲಿಗೆ ಬರ್ತೀಯ ಅಂತ ನೋಡ್ತಾ ಇದೀನಿ."

ಅವಳು ಎಲ್ಲಿಗೂ ಬರಲಿಲ್ಲ. ಮೂರೂ ಪುಸ್ತಕ ಮುಗಿದವು. ಅಡುಗೆಗೆ ಹೊತ್ತಾಯಿತೆಂದು ಎದ್ದಳು.

ಶನಿವಾರ ಅವಳು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಚೂಟಿ ನೆಲದ ಮೇಲೆ ಕತ್ತರಿ, ಅಂಟಿನ ಡಬ್ಬಿ ಹರಡಿಕೊಂಡಿದ್ದಳು. ಪುಸ್ತಕದ ಕಿಟಕಿಯ ಬಳಿ ಮುದುಕಿಯಿರಲಿಲ್ಲ, ಮುದುಕಿಯ ಆಕಾರದ ತೂತಿತ್ತು. ಬೆಂಚಿನ ಮೇಲೂ ಹಾಗೆಯೇ. ಇಬ್ಬರೂ ಕೆಟಲ್ ಮುದುಕಿಯ ಅಡುಗೆಮನೆ ಸೇರಿದ್ದರು. ತಾತ ತಲೆಕೆಳಗಾಗಿ ಒಲೆಗೆ ಅಂಟಿಕೊಂಡಿದ್ದ.

"ಅಯ್ಯೋ ಕೋತಿ! ಲೈಬ್ರರಿ ಪುಸ್ತಕ ಕಣೇ!"

"ರಿಪೇರಿ ಮಾಡ್ದೆ," ಎಂದಳು ಚೂಟಿ. "ನೀನೂ ಹಿಂಗೇ ತಾನೆ ಮಾಡೋದು? ಈಗ ಯಾರೂ ಒಬ್ಬರೇ ಇಲ್ಲ."

ಹೊಡೆಯಲು ಎತ್ತಿದ ಕೈ ಇಳಿಯಿತು. ಅಜ್ಜಿ ಮಂಚದಿಂದಲೇ ಕೈ ಚಾಚಿ ಪುಸ್ತಕ ತೆಗೆದುಕೊಂಡು, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು.

"ನಾಳೆ ನಾನು ಹೋಗೋದೂ ಇಂಥ ಮನೆಗೇ ಕಣೇ ಚೂಟಿ. ಎಲ್ಲೆಲ್ಲಿಂದಲೋ ಮುದುಕರನ್ನ ಕತ್ತರಿಸಿ ತಂದು ಒಂದೇ ಕಡೆ ಅಂಟಿಸಿರ್ತಾರೆ."

"ಅಲ್ಲೇ ಇರ್ತೀಯಾ?"

"ಅಲ್ಲೇ."

"ನಾನೂ ಬರ್ತೀನಿ."

"ನಿನಗಿನ್ನೂ ಹಲ್ಲಿದೆ. ಒಳಗೆ ಬಿಡಲ್ಲ."

ಮಗು ಅಳಲಿಲ್ಲ. ಅಂಟಾದ ಬೆರಳನ್ನು ಫ್ರಾಕಿಗೆ ಒರೆಸಿಕೊಂಡು ಖಾಲಿ ಬೆಂಚಿನ ಪುಟ ನೋಡಿತು, ಆಮೇಲೆ ಅಜ್ಜಿಯ ಮಂಚ ನೋಡಿತು.

"ಹಂಗಾದ್ರೆ ಇಲ್ಲಿ ತೂತಾಗುತ್ತಲ್ಲ?"

ಅಜ್ಜಿ ಕನ್ನಡಕ ಒರೆಸತೊಡಗಿದರು.

ಭಾನುವಾರ ಗಂಡ ರಜೆ ಹಾಕಿ, ವೃದ್ಧಾಶ್ರಮದ ಬಾಗಿಲಲ್ಲಿ ಅಜ್ಜಿಯ ಟ್ರಂಕು ಇಳಿಸಿದ. ಸೋಮವಾರ ಅವಳು ಪುಸ್ತಕಗಳನ್ನು ಲೈಬ್ರರಿಯನ್ ಮುಂದಿಟ್ಟು, ಇವು ರಿಪೇರಿಯಾಗುವುದಿಲ್ಲ ಎಂದಳು. ಲೈಬ್ರರಿಯಲ್ಲಿ ಮೂರು ಪುಸ್ತಕ ಕಡಿಮೆಯಾದವು, ಮನೆಯಲ್ಲಿ ಒಬ್ಬರು.